ಕೊಂಬಿನಿಂದ ಗಾಜಿನ ಬಟ್ಟಲಿನವರೆಗೆ: ಕಪ್ಪಿಂಗ್ ಚಿಕಿತ್ಸೆಯ ಎಚ್ಚರಿಕೆಗಳ ಚರಿತ್ರೆ

ಹಿಜಾಮ ಎಂಬ ಪದ ನಮ್ಮ ಮನೆಗಳಿಗೆ ಹೊಸದಲ್ಲ. ಪ್ರವಾದಿವರ್ಯರು(ಸ) ಸ್ವತಃ ಮಾಡಿಸಿಕೊಂಡ ಚಿಕಿತ್ಸೆ ಎಂಬ ಗೌರವದಿಂದ ಅನೇಕರು ಅದನ್ನು ಮಾಡಿಸಿಕೊಳ್ಳುತ್ತಾರೆ. ಊರೂರಿನಲ್ಲಿ ಹಿಜಾಮ ಶಿಬಿರಗಳು ನಡೆಯುತ್ತಿವೆ. ಇತ್ತೀಚೆಗೆ ಇದರ ಜೊತೆಗೆ 'ಚೈನೀಸ್ ಕಪ್ಪಿಂಗ್' ಎಂಬ ಹೆಸರೂ ಕೇಳಿಬರುತ್ತಿದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಮೈಮೇಲೆ ಕೆನ್ನೀಲಿ ವೃತ್ತಗಳನ್ನು ಜಗತ್ತೆಲ್ಲ ನೋಡಿದ ಮೇಲೆ ಅದರ ಪ್ರಚಾರ ಇನ್ನೂ ಹೆಚ್ಚಿತು. ಪಂಪ್ ಇರುವ ಪ್ಲಾಸ್ಟಿಕ್ ಬಟ್ಟಲುಗಳ ಸೆಟ್ ಈಗ ಆನ್‌ಲೈನ್‌ನಲ್ಲಿ ತರಿಸಿದರೆ ಮನೆಬಾಗಿಲಿಗೇ ಬರುತ್ತದೆ.

ಇಂತಹ ಸಮಯದಲ್ಲಿ ಒಂದು ಮಾತು ನೆನಪಿಸಬೇಕಾಗಿದೆ. ಈ ಚಿಕಿತ್ಸೆಯ ಚರಿತ್ರೆಯನ್ನು ಹೇಳುವವರು ಅದು ಎಷ್ಟು ಹಳೆಯದು, ಎಷ್ಟು ರೋಗಗಳಿಗೆ ಬಳಕೆಯಾಗಿತ್ತು ಎಂದು ಹೇಳುತ್ತಾರೆ. ಆದರೆ ಅದೇ ಹಳೆಯ ಗ್ರಂಥಗಳು ಯಾರಿಗೆ ಮಾಡಬಾರದು, ಎಲ್ಲಿ ಮಾಡಬಾರದು, ಎಷ್ಟು ಹೊತ್ತು ಮಾಡಬೇಕು, ಯಾರ ಕೈಯಿಂದ ಮಾಡಿಸಬೇಕು ಎಂಬುದನ್ನೂ ಬರೆದಿಟ್ಟಿವೆ. ಆ ಅರ್ಧ ಚರಿತ್ರೆ ನಮ್ಮ ಕಿವಿಗೆ ಬೀಳುವುದು ಕಡಿಮೆ. ಚೀನಾದಲ್ಲೂ ಮುಸ್ಲಿಮ್ ಜಗತ್ತಿನಲ್ಲೂ ಈ ಎಚ್ಚರಿಕೆಗಳು ಹೇಗೆ ಬೆಳೆದು ಬಂದವು ಎಂದು ಈ ಲೇಖನದಲ್ಲಿ ನೋಡೋಣ.

ಚೀನಾದ ಕೊಂಬು

1973ರಲ್ಲಿ ಚೀನಾದ ಹುನಾನ್ ಪ್ರಾಂತದ ಚಾಂಗ್‌ಶಾ ನಗರದ ಬಳಿ, ಮಾವಾಂಗ್‌ದುಯಿ ಎಂಬಲ್ಲಿ ಒಂದು ಪುರಾತನ ಸಮಾಧಿಯನ್ನು ಅಗೆಯಲಾಯಿತು. ಅದು ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿ. ಅದರೊಳಗೆ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯಕೀಯ ಬರಹಗಳು ಸಿಕ್ಕವು. ಐವತ್ತೆರಡು ರೋಗಗಳ ಚಿಕಿತ್ಸೆಯನ್ನು ಹೇಳುವ ಒಂದು ಬರಹದಲ್ಲಿ ಮೂಲವ್ಯಾಧಿಗೆ ಸಣ್ಣ ಕೊಂಬನ್ನು ಇಟ್ಟು ಎಳೆಯುವ ವಿಧಾನವಿದೆ. ಚೀನಾದಲ್ಲಿ ಈ ಚಿಕಿತ್ಸೆಗೆ ಸಿಗುವ ಅತ್ಯಂತ ಹಳೆಯ ಲಿಖಿತ ಸಾಕ್ಷ್ಯಗಳಲ್ಲಿ ಇದೊಂದು. ಅಲ್ಲಿಯೇ ಸಮಯದ ಮಿತಿಯೂ ಇದೆ ಎಂಬುದು ಗಮನಾರ್ಹ. ಗಡಿಯಾರವಿಲ್ಲದ ಆ ಕಾಲದಲ್ಲಿ ಬರೆದವರು ಅಡುಗೆಮನೆಯ ಲೆಕ್ಕ ಕೊಟ್ಟರು. ಎರಡು ಅಳತೆ ಅಕ್ಕಿ ಬೇಯುವಷ್ಟು ಹೊತ್ತು ಕೊಂಬನ್ನು ಇಟ್ಟು ನಂತರ ತೆಗೆಯಬೇಕು. ಅಂದರೆ, ಕೊಂಬು ಇಡುವುದನ್ನು ಕಲಿಸಿದವರೇ ಅದನ್ನು ಯಾವಾಗ ತೆಗೆಯಬೇಕೆಂದೂ ಕಲಿಸಿದರು.

ಕೊಂಬಿನ ಈ ಜ್ಞಾನ ಚೀನಾಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲಿಯೂ ರಕ್ತ ತೆಗೆಯಲು ಹಸುವಿನ ಕೊಂಬು, ಜಿಗಣೆ ಮತ್ತು ಸೋರೆಬುರುಡೆಯ ಬಳಕೆಯನ್ನು ಹೇಳಲಾಗಿದೆ. ಅರಬರಲ್ಲಿಯೂ ಇಸ್ಲಾಮಿಗೆ ಮೊದಲೇ ಅದು ರೂಢಿಯಲ್ಲಿತ್ತು.

ಕ್ರಿ.ಶ. ನಾಲ್ಕನೆಯ ಶತಮಾನಕ್ಕೆ ಬಂದರೆ ಚೀನಾದಲ್ಲಿ ಗೆ ಹೊಂಗ್ ಎಂಬ ವಿದ್ವಾಂಸರು ತುರ್ತು ಚಿಕಿತ್ಸೆಯ ಒಂದು ಕೈಪಿಡಿ ಬರೆದರು. ವೈದ್ಯರು ಸಿಗದ ಬಡವರಿಗೂ ಹಳ್ಳಿಯವರಿಗೂ ಉಪಯೋಗವಾಗಲೆಂದು, ಉಡುಪಿನ ತೋಳಿನಲ್ಲಿ ಇಟ್ಟುಕೊಂಡು ತಿರುಗುವಷ್ಟು ಚಿಕ್ಕದಾಗಿ ರಚಿಸಿದ ಪುಸ್ತಕ ಅದು. ಚೀನೀ ವಿಜ್ಞಾನಿ ತು ಯೂಯೂ ಅವರಿಗೆ ಮಲೇರಿಯಾ ಔಷಧ ಆರ್ಟೆಮಿಸಿನಿನ್ ಶೋಧಿಸಲು ಸುಳಿವು ಕೊಟ್ಟದ್ದೂ ಇದೇ ಪುಸ್ತಕ. ಆ ಶೋಧನೆಗೆ 2015ರಲ್ಲಿ ನೊಬೆಲ್ ಪಾರಿತೋಷಕ ಬಂತು. ಈ ಕೈಪಿಡಿಯಲ್ಲಿ ಕೊಂಬಿನ ಚಿಕಿತ್ಸೆಯ ಬಗ್ಗೆ ಒಂದು ಖಡಕ್ಕಾದ ಎಚ್ಚರಿಕೆ ಉಳಿದು ಬಂದಿದೆ. ಆಳಕ್ಕೆ ಬೇರು ಬಿಟ್ಟ ಗಟ್ಟಿ ಬಾವು, ಗೆಡ್ಡೆ, ಕುತ್ತಿಗೆಯ ಗಂಟುಗಳ ಮೇಲೆ ಸೂಜಿಯನ್ನೂ ಕೊಂಬನ್ನೂ ಬಳಸಬಾರದು. ಬಳಸಿದವರಲ್ಲಿ ಅನಾಹುತದಿಂದ ಪಾರಾದವರು ಕಡಿಮೆ ಎಂಬುದು ಅದರ ಸಾರ. ಅಂಥ ಗಂಟುಗಳಲ್ಲಿ ಕೆಲವು ಕ್ಷಯದವು, ಕೆಲವು ಕ್ಯಾನ್ಸರ್‌ನವು ಎಂದು ಇಂದು ನಾವು ಹೇಳಬಲ್ಲೆವು. ಅಂದಿನವರಿಗೆ ಈ ಹೆಸರುಗಳು ತಿಳಿದಿರಲಿಲ್ಲ. ಆದರೆ ಯಾವ ಗಂಟನ್ನು ಕೆದಕಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಎಚ್ಚರಿಕೆ ಹುಟ್ಟಿದ್ದು ಅನುಭವದಿಂದ, ಬಹುಶಃ ಹಲವು ಸಾವುಗಳಿಂದ.

ಟಾಂಗ್ ಅರಸರ ಕಾಲದಲ್ಲಿ (618–907) ಕೊಂಬಿನ ಚಿಕಿತ್ಸೆಯನ್ನು ರಾಜಾಸ್ಥಾನದ ವೈದ್ಯಕೀಯ ಶಿಕ್ಷಣ ಸಂಸ್ಥೆಯಲ್ಲಿ ಪ್ರತ್ಯೇಕ ಶಾಖೆಯಾಗಿ ಕಲಿಸಲಾಯಿತು. ದೇಹದ ಸಾಮಾನ್ಯ ರೋಗಗಳು, ಹುಣ್ಣು-ಬಾವುಗಳು, ಮಕ್ಕಳ ರೋಗಗಳು, ಕಣ್ಣು-ಕಿವಿ-ಬಾಯಿಯ ರೋಗಗಳು ಮತ್ತು ಕೊಂಬಿನ ಚಿಕಿತ್ಸೆ ಎಂದು ಐದು ವಿಭಾಗಗಳು ಅಲ್ಲಿದ್ದವು. ವಿದ್ಯಾರ್ಥಿಗಳು ಮೊದಲು ಮೂಲ ಗ್ರಂಥಗಳನ್ನು ಓದಿ, ಆಮೇಲೆ ತಮ್ಮ ಶಾಖೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಬೇಕಿತ್ತು. ವಾರಾಂತ್ಯದ ಎರಡು ದಿನದ ತರಬೇತಿ ಪಡೆದು ಗೋಡೆಗೆ ಪ್ರಮಾಣಪತ್ರ ತೂಗುಹಾಕುವ ಇಂದಿನವರು ಇದನ್ನು ನೆನಪಿಡಬೇಕು.

752ರಲ್ಲಿ ವಾಂಗ್ ತಾವೊ ಎಂಬವರು ತಮ್ಮ ಬೃಹತ್ ವೈದ್ಯ ಸಂಗ್ರಹದಲ್ಲಿ ಕೊಂಬಿಗೆ ಬದಲಾಗಿ ಬಿದಿರಿನ ಕೊಳವೆಯನ್ನು ವಿವರಿಸಿದ್ದಾರೆ. ಒಂದು ತುದಿಯಲ್ಲಿ ಗೆಣ್ಣು ಉಳಿಸಿ, ಇನ್ನೊಂದು ತುದಿಯನ್ನು ತೆಳುವಾಗಿ ಕೆತ್ತಿ, ಕೊಳವೆಯನ್ನು ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಚರ್ಮಕ್ಕೆ ಒತ್ತಿ ಹಿಡಿಯುತ್ತಿದ್ದರು. ಬಿಸಿ ಆರುತ್ತಿದ್ದಂತೆ ಒಳಗಿನ ಆವಿ ಕುಗ್ಗಿ ಕೊಳವೆ ಚರ್ಮವನ್ನು ಎಳೆದು ಹಿಡಿಯುತ್ತದೆ. ಅವರು ಕೊಳವೆಯನ್ನು ಕುದಿಸಿದ್ದು ಹೀಗೆ ಎಳೆತ ಬರಲೆಂದು. ಆದರೂ ಕುದಿಸಿದ್ದರಿಂದ ಅದು ಎಷ್ಟೋ ಮಟ್ಟಿಗೆ ಶುಚಿಯಾಯಿತು. ಮುಂದೆ 1617ರಲ್ಲಿ ಚೆನ್ ಶಿಗೊಂಗ್ ಎಂಬ ಶಸ್ತ್ರವೈದ್ಯರು ಕೀವು ತುಂಬಿದ ಬಾವುಗಳಿಗೆ ಗಿಡಮೂಲಿಕೆಗಳ ನೀರಿನಲ್ಲಿ ಕುದಿಸಿದ ಬಿದಿರ ಕೊಳವೆಯನ್ನು ಬಳಸುವುದನ್ನು ಬರೆದರು. ಕೊಂಬು ಮತ್ತು ಕೊಳವೆ ಚೀನಾದಲ್ಲಿ ಬಹುಕಾಲ ಮುಖ್ಯವಾಗಿ ಕೀವು ಹೊರತೆಗೆಯುವ ಸಾಧನಗಳಾಗಿದ್ದವು ಎಂಬುದನ್ನು ಗಮನಿಸಿ. ಸಕಲ ರೋಗಕ್ಕೂ ಒಂದೇ ಮದ್ದು ಎಂಬ ಮಾತು ಆ ಪುಸ್ತಕಗಳದ್ದಲ್ಲ.

ಬೆಂಕಿಯ ಬಟ್ಟಲು

ಇಂದು ನಾವು 'ಫೈರ್ ಕಪ್ಪಿಂಗ್' ಎಂದು ಕರೆಯುವ ವಿಧಾನದ ಸ್ಪಷ್ಟ ವಿವರಣೆ ಚೀನಾದ ಝಾವೊ ಶ್ವೆಮಿನ್ ಅವರ, 1765ರಲ್ಲಿ ಆರಂಭವಾದ ಔಷಧ ಗ್ರಂಥದಲ್ಲಿ ಸಿಗುತ್ತದೆ. ಕುಂಬಾರರ ಗೂಡಿನಲ್ಲಿ ಸುಟ್ಟ ಹೆಬ್ಬೆರಳಿನಷ್ಟು ಗಾತ್ರದ ಪುಟ್ಟ ಮಡಕೆಗಳಲ್ಲಿ ಕಾಗದ ಉರಿಸಿ, ಕೂಡಲೇ ರೋಗಿಯ ಮೈಗೆ ಮುಚ್ಚುತ್ತಿದ್ದರು. ಚರ್ಮ ಕೆಂಪಗಾಗುತ್ತಿತ್ತು, ಮಡಕೆಯೊಳಗೆ ನೀರ ಹನಿಗಳು ಕಟ್ಟುತ್ತಿದ್ದವು. ಮೈಗೆ ಕಚ್ಚಿಕೊಂಡ ಮಡಕೆಯನ್ನು ಎಳೆದು ಕೀಳಬಾರದು, ಅದು ತಾನಾಗಿ ಬೀಳುವವರೆಗೆ ಕಾಯಬೇಕು ಎಂದು ಅವರು ಬರೆದರು.

ಇದೇ ಸಮಸ್ಯೆಗೆ ಎಂಟು ಶತಮಾನಗಳ ಹಿಂದೆಯೇ ಸ್ಪೇನಿನ ಕೊರ್ಡೋಬದಲ್ಲಿ ಇನ್ನೊಂದು ಪರಿಹಾರವಿತ್ತು. ಸುಮಾರು 1013ರಲ್ಲಿ ನಿಧನರಾದ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ 'ಅತ್ತಸ್‌ರೀಫ್' ಗ್ರಂಥದ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಬೆಂಕಿಯ ಬಟ್ಟಲಿನ ರಚನೆಯನ್ನು ವಿವರಿಸಿದ್ದಾರೆ. ಬಟ್ಟಲಿನ ಪಕ್ಕದಲ್ಲಿ ಸೂಜಿ ಹೋಗುವಷ್ಟು ಸಣ್ಣ ರಂಧ್ರ. ಚಿಕಿತ್ಸೆಯ ಹೊತ್ತಿನಲ್ಲಿ ವೈದ್ಯ ಅದನ್ನು ಬೆರಳಿನಿಂದ ಮುಚ್ಚಿ ಹಿಡಿಯುತ್ತಾನೆ. ಬೆರಳು ತೆಗೆದರೆ ಗಾಳಿ ಒಳನುಗ್ಗಿ ಬಟ್ಟಲು ತಾನಾಗಿ ಸಡಿಲವಾಗುತ್ತದೆ. ರೋಗಿಯ ಚರ್ಮ ಹರಿಯದಂತೆ ನೋಡಿಕೊಳ್ಳುವ ಚಿಂತೆ ಆ ಒಂದು ರಂಧ್ರದಲ್ಲಿದೆ. ಇಂದಿನ ಪಂಪ್ ಬಟ್ಟಲುಗಳ ನೆತ್ತಿಯಲ್ಲಿರುವ ಚಿಕ್ಕ ಕವಾಟ ಮಾಡುವುದೂ ಇದೇ ಕೆಲಸ. ಕವಾಟವಿಲ್ಲದ ಗಾಜಿನ ಬಟ್ಟಲಾದರೆ ಅಂಚಿನ ಬಳಿ ಚರ್ಮವನ್ನು ಬೆರಳಿನಿಂದ ಒತ್ತಿ ಗಾಳಿ ಬಿಡಬೇಕು. ಎಳೆದು ಕೀಳುವುದು ಎಂದೂ ಸರಿಯಲ್ಲ.

ವೈದ್ಯರ ಎಚ್ಚರಿಕೆ, ಮುಹ್ತಸಿಬರ ಪರೀಕ್ಷೆ

ಪ್ರವಾದಿವರ್ಯರು(ಸ) ತಲೆನೋವಿಗಾಗಿ ಹಿಜಾಮ ಮಾಡಿಸಿಕೊಂಡದ್ದು ಹದೀಸ್‌ಗಳಲ್ಲಿದೆ. ಅಬೂ ತೈಬಾ(ರ) ಎಂಬವರು ಹಿಜಾಮ ಮಾಡಿದಾಗ ಅವರಿಗೆ ಆಹಾರಧಾನ್ಯದ ಸಂಭಾವನೆ ಕೊಡಿಸಿದ್ದೂ, ಅವರ ಯಜಮಾನರೊಡನೆ ಮಾತಾಡಿ ಅವರ ಮೇಲಿದ್ದ ಕಂದಾಯವನ್ನು ಕಡಿಮೆ ಮಾಡಿಸಿದ್ದೂ ಬುಖಾರಿಯಲ್ಲಿ ವರದಿಯಾಗಿದೆ. ಪ್ರವಾದಿವರ್ಯರು(ಸ) ಈ ಕೆಲಸವನ್ನು ಒಪ್ಪಿಸಿದ್ದು ಅದನ್ನೇ ಕಸುಬಾಗಿ ಬಲ್ಲವರಿಗೆ ಎಂಬುದನ್ನು ನಾವು ಗಮನಿಸಬೇಕು. ಅಬೂದಾವೂದ್, ನಸಾಈ ಮತ್ತು ಇಬ್ನು ಮಾಜದಲ್ಲಿ ಇನ್ನೊಂದು ಹದೀಸ್ ಇದೆ. ವೈದ್ಯವಿದ್ಯೆ ಬಲ್ಲವನೆಂದು ತಿಳಿದಿಲ್ಲದವನು ಚಿಕಿತ್ಸೆ ಮಾಡಿದರೆ ಆಗುವ ಹಾನಿಗೆ ಅವನೇ ಹೊಣೆ ಎಂಬುದು ಅದರ ತಾತ್ಪರ್ಯ. ಫಿಕ್ಹ್ ವಿದ್ವಾಂಸರು ಇದರ ಮೇಲೆ ದೀರ್ಘ ಚರ್ಚೆ ನಡೆಸಿದ್ದಾರೆ. ತಿಳಿದವನು ಜಾಗ್ರತೆಯಿಂದ ಮಾಡಿಯೂ ಹಾನಿಯಾದರೆ ಒಂದು ತೀರ್ಪು, ತಿಳಿಯದವನು ತಿಳಿದವನಂತೆ ನಟಿಸಿ ಮಾಡಿದರೆ ಬೇರೆಯೇ ತೀರ್ಪು. ಇಬ್ನುಲ್ ಕಯ್ಯಿಮ್ ಅವರು ಈ ವ್ಯತ್ಯಾಸಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದ್ದಾರೆ.

ವೈದ್ಯರೂ ಮಿತಿಗಳನ್ನು ಬರೆದರು. ಇಬ್ನು ಸೀನಾ (980–1037) ತಮ್ಮ 'ಅಲ್‌ಕಾನೂನ್' ಗ್ರಂಥದಲ್ಲಿ ತೀರ ಎಳೆಯ ಕೂಸುಗಳಿಗೆ ಹಿಜಾಮ ಹೇಳಲಿಲ್ಲ. ಅರುವತ್ತು ದಾಟಿದವರಿಗೆ ಬೇಡವೇ ಬೇಡ ಎಂದರು. ಸ್ನಾನ ಮಾಡಿದ ಕೂಡಲೇ ಮಾಡಿಸಿಕೊಳ್ಳಬಾರದೆಂಬುದು ಸಾಮಾನ್ಯ ಸೂಚನೆ. ಇಂದು ನಮ್ಮಲ್ಲಿ ಹಿಜಾಮಕ್ಕೆ ಹೋಗುವವರಲ್ಲಿ ಅರುವತ್ತು ದಾಟಿದ ಹಿರಿಯರು ಎಷ್ಟು ಮಂದಿ, ಅವರಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಎಷ್ಟು ಮಂದಿ ಎಂದು ಯೋಚಿಸಿದರೆ ಆ ಎಚ್ಚರಿಕೆ ಹಳತಾಗಿಲ್ಲ ಎಂದು ತಿಳಿಯುತ್ತದೆ.

ಇದಕ್ಕಿಂತಲೂ ಕುತೂಹಲದ ಸಂಗತಿ ಮಾರುಕಟ್ಟೆಯ ಮೇಲ್ವಿಚಾರಕರಾದ ಮುಹ್ತಸಿಬರದ್ದು. ಮುಸ್ಲಿಮ್ ನಗರಗಳಲ್ಲಿ ತೂಕ, ಅಳತೆ, ಆಹಾರದ ಶುದ್ಧಿಯನ್ನು ನೋಡುತ್ತಿದ್ದ ಅಧಿಕಾರಿಯೇ ವೈದ್ಯರನ್ನೂ ಹಜ್ಜಾಮರನ್ನೂ ಪರೀಕ್ಷಿಸಬೇಕಿತ್ತು. ಹನ್ನೆರಡನೆಯ ಶತಮಾನದ ಅಶ್ಶೈಝರಿ ಮತ್ತು 1329ರಲ್ಲಿ ನಿಧನರಾದ ಇಬ್ನುಲ್ ಉಖುವ್ವ ಈ ಅಧಿಕಾರಿಗಳಿಗಾಗಿ ಬರೆದ ಕೈಪಿಡಿಗಳು ಇಂದಿಗೂ ಲಭ್ಯವಿವೆ. ಅವುಗಳಲ್ಲಿ ಬರುವ ಪರೀಕ್ಷೆ ಹೀಗಿದೆ: ಇಟ್ಟಿಗೆಯ ಮೇಲೆ ಒಂದು ಕಾಗದ ಅಂಟಿಸಿ, ಅದರ ಮೇಲೆ ಗೀರು ಹಾಕುವಂತೆ ಹಜ್ಜಾಮನಿಗೆ ಹೇಳಬೇಕು. ಗೀರು ಕಾಗದವನ್ನು ತೂರಿ ಇಟ್ಟಿಗೆ ಮುಟ್ಟಿದರೆ ಅವನ ಕೈ ಭಾರ, ಕಸುಬು ಕೆಟ್ಟದ್ದು. ಹಗುರ ಕೈಯೇ ಒಳ್ಳೆಯ ಹಜ್ಜಾಮನ ಗುರುತು. ರಕ್ತನಾಳ ಕೊಯ್ಯುವವರಿಗೆ ಇನ್ನೂ ಕಠಿಣ ನಿಯಮಗಳಿದ್ದವು. ಮಕ್ಕಳಿಗಾದರೆ ಪೋಷಕರ ಅನುಮತಿ ಬೇಕು, ಗರ್ಭಿಣಿಯರಿಗೆ ಮಾಡಕೂಡದು. ಚರ್ಮದ ಮೇಲ್ಪದರ ದಾಟದ ಗೀರು, ಅನುಮತಿ, ಪರೀಕ್ಷೆ, ಮೇಲ್ವಿಚಾರಣೆ ಎಂಬ ಇಂದಿನ ಬೇಡಿಕೆಗಳೆಲ್ಲ ಏಳೆಂಟು ನೂರು ವರ್ಷಗಳ ಹಿಂದೆಯೇ ನಮ್ಮ ಪೇಟೆಗಳ ಕಾನೂನಾಗಿದ್ದವು.

ಈ ಎರಡು ವೈದ್ಯ ಪರಂಪರೆಗಳು ಒಂದನ್ನೊಂದು ಅರಿಯದೆ ಇರಲಿಲ್ಲ. ಸುಮಾರು 1313ರಲ್ಲಿ ಇರಾನಿನ ತಬ್ರೀಝ್‌ನಲ್ಲಿ ವಝೀರ್ ರಶೀದುದ್ದೀನ್ ಅವರು ಚೀನೀ ವೈದ್ಯಶಾಸ್ತ್ರವನ್ನು ಪರ್ಶಿಯನ್ ಭಾಷೆಗೆ ತರಿಸಿದರು. ಅತ್ತ ಚೀನಾದಲ್ಲಿ ಮುಸ್ಲಿಮ್ ವೈದ್ಯರ ಔಷಧಗಳನ್ನು ಚೀನೀ ಭಾಷೆಯಲ್ಲಿ ವಿವರಿಸುವ ದೊಡ್ಡ ಗ್ರಂಥವೊಂದು ರಚನೆಯಾಯಿತು. ಅದರ ಮೂವತ್ತಾರು ಸಂಪುಟಗಳಲ್ಲಿ ನಾಲ್ಕು ಇಂದಿಗೂ ಉಳಿದಿವೆ. ಜ್ಞಾನ ಯಾರಲ್ಲಿದ್ದರೂ ಅದನ್ನು ಪಡೆಯಲು ಆ ಹಿರಿಯರು ಸಂಕೋಚಪಡಲಿಲ್ಲ. ನಾವೂ ಪಡಬೇಕಾಗಿಲ್ಲ.

ಹಳಬರಿಗೆ ಕಾಣದ ಅಪಾಯ

ಇಷ್ಟೆಲ್ಲ ಎಚ್ಚರ ವಹಿಸಿದ ಹಿರಿಯರಿಗೆ ಒಂದು ಅಪಾಯ ಮಾತ್ರ ಕಾಣಿಸಲಿಲ್ಲ. ಅದು ಕಣ್ಣಿಗೆ ಕಾಣುವಂಥದ್ದೇ ಅಲ್ಲ. ವೈದ್ಯರು ಕೈ ತೊಳೆದರೆ ಬಾಣಂತಿಯರ ಸಾವು ಕಡಿಮೆಯಾಗುತ್ತದೆ ಎಂದು ವಿಯೆನ್ನಾದ ಸೆಮ್ಮೆಲ್‌ವೈಸ್ ತೋರಿಸಿದ್ದು 1847ರಲ್ಲಿ. ಗಾಯ ಮತ್ತು ಸಲಕರಣೆಗಳನ್ನು ಕ್ರಿಮಿನಾಶಕದಿಂದ ಶುಚಿಗೊಳಿಸುವ ಕ್ರಮವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ರಕ್ತದ ಮೂಲಕ ಹರಡುವ ಎಚ್‌ಐವಿ ವೈರಸ್ ಗುರುತಿಸಲ್ಪಟ್ಟದ್ದು 1983ರಲ್ಲಿ, ಹೆಪಟೈಟಿಸ್ ಸಿ 1989ರಲ್ಲಿ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಒಣಗಿದ ರಕ್ತದಲ್ಲಿಯೂ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಬಟ್ಟಲಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿದ್ದರೂ ಸಾಕು, ಒಬ್ಬರ ರೋಗ ಇನ್ನೊಬ್ಬರ ಮನೆ ಸೇರಲು.

ಆದ್ದರಿಂದ ಗೀರು ಹಾಕಿ ರಕ್ತ ತೆಗೆಯುವ ಹಿಜಾಮವನ್ನು, ಗೀರು ಇಲ್ಲದ ಒಣ ಕಪ್ಪಿಂಗ್‌ನಂತೆ ಹಗುರವಾಗಿ ಕಾಣುವಂತಿಲ್ಲ. ಅದೊಂದು ಸಣ್ಣ ಶಸ್ತ್ರಚಿಕಿತ್ಸೆಯೇ. ಬ್ಲೇಡ್ ಹೊಸದಾಗಿರಬೇಕು, ರೋಗಿಯ ಎದುರಲ್ಲೇ ಪೊಟ್ಟಣ ಒಡೆಯಬೇಕು. ಬಟ್ಟಲು ಒಬ್ಬರಿಗೆ ಒಮ್ಮೆ ಮಾತ್ರ. ಪ್ಲಾಸ್ಟಿಕ್ ಬಟ್ಟಲನ್ನು ಸೋಪಿನಲ್ಲಿ ತೊಳೆದರೆ ಅದು ಶುದ್ಧವಾಗುವುದಿಲ್ಲ. ಕೈಗವಸು ಪ್ರತಿ ರೋಗಿಗೂ ಬದಲಾಗಬೇಕು. ಬಳಸಿದ ಬ್ಲೇಡ್, ರಕ್ತ ಹೀರಿದ ಹತ್ತಿಯನ್ನು ಮನೆಯ ಕಸದೊಂದಿಗೆ ಎಸೆದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹರಿತವಾದವುಗಳನ್ನು ತೂತಾಗದ ಪ್ರತ್ಯೇಕ ಡಬ್ಬಿಯಲ್ಲಿ ಹಾಕಬೇಕು. ಇದು ಕಾನೂನು ಮಾತ್ರವಲ್ಲ, ನಮ್ಮ ಕಸ ಹೊರುವ ಸಹೋದರರ ಹಕ್ಕು.

ಇಂದಿನ ಚೀನಾ ಏನು ಹೇಳುತ್ತದೆ?

ಆಧುನಿಕ ಚೀನಾ ಈ ಚಿಕಿತ್ಸೆಯನ್ನು ಆಸ್ಪತ್ರೆಗಳೊಳಗೆ ತಂದು 2008ರಲ್ಲಿ ಅದರ ವಿಧಾನಕ್ಕೆ ರಾಷ್ಟ್ರೀಯ ಮಾನದಂಡ ರೂಪಿಸಿತು. ಅಲ್ಲಿನ ಪಠ್ಯಗಳಲ್ಲಿ ಕಲಿಸುವ ಮುಖ್ಯ ಎಚ್ಚರಿಕೆಗಳು ಹೀಗಿವೆ. ಬಟ್ಟಲನ್ನು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಇಡಬಾರದು. ಹುಣ್ಣು, ಅಲರ್ಜಿಯ ಚರ್ಮ, ಊತ, ದೊಡ್ಡ ರಕ್ತನಾಳ ಮತ್ತು ಹೃದಯದ ಭಾಗದ ಮೇಲೆ ಇಡಬಾರದು. ಗರ್ಭಿಣಿಯರ ಹೊಟ್ಟೆ ಮತ್ತು ಸೊಂಟಕ್ಕೆ ಇಡಬಾರದು. ತೀವ್ರ ಜ್ವರ, ಅಪಸ್ಮಾರವಿದ್ದವರಿಗೆ, ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದವರಿಗೆ ಮಾಡಬಾರದು. ಹಸಿದ ಹೊಟ್ಟೆಯಲ್ಲಿ, ಬಹಳ ದಣಿದಿರುವಾಗ ಮಾಡಿಸಿಕೊಂಡರೆ ತಲೆಸುತ್ತು ಬರಬಹುದು. ಬಂದರೆ ಕೂಡಲೇ ಬಟ್ಟಲು ತೆಗೆದು ಮಲಗಿಸಬೇಕು.

ಬೆಂಕಿಯ ವಿಧಾನದಲ್ಲಿ ಸುಟ್ಟಗಾಯವೇ ದೊಡ್ಡ ಭಯ. ಇಕ್ಕಳದಲ್ಲಿ ಹಿಡಿದ ಸ್ಪಿರಿಟ್ ಹತ್ತಿಯನ್ನು ಉರಿಸಿ, ಬಟ್ಟಲೊಳಗೆ ಒಂದು ಸುತ್ತು ತಿರುಗಿಸಿ, ಹೊರಗೆ ತೆಗೆದು ಬಟ್ಟಲನ್ನು ಮಾತ್ರ ಮೈಗಿಡಬೇಕು. ಹತ್ತಿ ತೀರ ಒದ್ದೆಯಾಗಿದ್ದರೆ ಉರಿಯುವ ಸ್ಪಿರಿಟ್ ಹನಿ ಬೆನ್ನ ಮೇಲೆ ಬೀಳುತ್ತದೆ. ಬಟ್ಟಲಿನ ಅಂಚು ಕಾದರೆ ಚರ್ಮದ ಮೇಲೆ ವೃತ್ತಾಕಾರದ ಸುಟ್ಟಗಾಯ ಉಳಿಯುತ್ತದೆ. ಇಂತಹ ಗಾಯಗಳ ವರದಿಗಳು ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಸಕ್ಕರೆ ಕಾಯಿಲೆಯಿಂದ ಚರ್ಮ ಮರಗಟ್ಟಿದವರಿಗೆ ಬಿಸಿ ತಿಳಿಯುವುದೇ ಇಲ್ಲ, ಗಾಯ ಮಾಯುವುದೂ ನಿಧಾನ. ಮನೆಯಲ್ಲಿ ಬೆಂಕಿ ಹಚ್ಚಿ ಈ ಚಿಕಿತ್ಸೆ ಮಾಡುವ ಸಾಹಸ ಯಾರೂ ಮಾಡಬಾರದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕಾಗಿದೆ. ಬಟ್ಟಲಿನಲ್ಲಿ ಸಿಗುವ ಕಪ್ಪಗಿನ ಗಡ್ಡೆಯನ್ನು ತೋರಿಸಿ "ನೋಡಿ, ವಿಷ ಹೊರಬಂತು" ಎನ್ನುವವರಿದ್ದಾರೆ. ಸಣ್ಣ ನಾಳಗಳಿಂದ ನಿಧಾನವಾಗಿ ಒಸರಿದ ರಕ್ತ ಬಟ್ಟಲಿನಲ್ಲಿ ಹೆಪ್ಪುಗಟ್ಟಿ ಕಪ್ಪಾಗುತ್ತದೆ, ಅಷ್ಟೇ. ಆ ಮಾತನ್ನು ನಂಬಿ ಮೇಲಿಂದ ಮೇಲೆ ರಕ್ತ ತೆಗೆಸಿಕೊಂಡು ರಕ್ತಹೀನತೆಗೆ ಗುರಿಯಾದವರ ವರದಿಗಳಿವೆ. ಕುತ್ತಿಗೆ, ಬೆನ್ನು ನೋವಿನಲ್ಲಿ ಕೆಲವರಿಗೆ ಉಪಶಮನ ಸಿಕ್ಕಿರುವುದನ್ನು ಅಧ್ಯಯನಗಳು ಹೇಳುತ್ತವೆ, ಆದರೆ ಆ ಅಧ್ಯಯನಗಳು ಹೆಚ್ಚಿನವು ಸಣ್ಣವು, ಪುರಾವೆ ದುರ್ಬಲ. ಇನ್ಸುಲಿನ್, ಬಿಪಿ ಮಾತ್ರೆ, ಹೃದಯದ ಔಷಧಗಳನ್ನು ನಿಲ್ಲಿಸಿ ಹಿಜಾಮವನ್ನೇ ನಂಬಿ ಎಂದು ಹೇಳುವವನಿಗೆ ಯಾವ ಗ್ರಂಥದ ಬೆಂಬಲವೂ ಇಲ್ಲ. ಪ್ರವಾದಿವರ್ಯರು(ಸ) ಚಿಕಿತ್ಸೆ ಪಡೆಯಿರಿ ಎಂದು ಹೇಳಿದ್ದಾರೆ, ಒಂದು ಚಿಕಿತ್ಸೆಗಾಗಿ ಉಳಿದದ್ದನ್ನು ಬಿಡಿ ಎಂದು ಹೇಳಿಲ್ಲ.

ನಾವು ಕೇಳಬೇಕಾದ ಪ್ರಶ್ನೆಗಳು

ಹಿಜಾಮಕ್ಕೆ ಹೋಗುವ ಮುನ್ನ ನಮ್ಮಲ್ಲಿ ಬಹಳ ಮಂದಿ ಚಾಂದ್ರಮಾನ ತಿಂಗಳ ದಿನ ನೋಡುತ್ತಾರೆ. ಹದಿನೇಳು, ಹತ್ತೊಂಬತ್ತು, ಇಪ್ಪತ್ತೊಂದು ಎಂದು ಎಣಿಸುತ್ತಾರೆ. ಸುನ್ನತ್‌ನ ಮೇಲಿನ ಆ ಪ್ರೀತಿ ಒಳ್ಳೆಯದೇ. ಆದರೆ ದಿನ ನೋಡುವ ನಾವು ಬ್ಲೇಡ್ ನೋಡುವುದಿಲ್ಲ. ಬಟ್ಟಲು ಹೊಸದೇ ಎಂದು ಕೇಳಲು ಸಂಕೋಚಪಡುತ್ತೇವೆ. ಕೇಳಿದರೆ ಅವರಿಗೆ ಬೇಸರವಾದೀತು ಎಂದುಕೊಳ್ಳುತ್ತೇವೆ. ಕೇಳುವುದು ಅಗೌರವವಲ್ಲ. ಮುಹ್ತಸಿಬರು ಇಟ್ಟಿಗೆ ಮತ್ತು ಕಾಗದ ಹಿಡಿದು ಮಾಡುತ್ತಿದ್ದ ಕೆಲಸವನ್ನು ಇಂದು ಪ್ರತಿಯೊಂದು ಮನೆಯವರೂ ಮಾಡಬೇಕಾಗಿದೆ.

ಚಿಕಿತ್ಸೆ ಮಾಡುವವರು ಎಲ್ಲಿ ಕಲಿತವರು? ಯುನಾನಿಯಲ್ಲಿ ಪದವಿ ಪಡೆದು ನೋಂದಾಯಿತರಾದ ವೈದ್ಯರೇ? ನಮ್ಮ ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ, ಅಲ್ಲಿ ಹಿಜಾಮವನ್ನು ಕ್ರಮಬದ್ಧವಾಗಿ ಕಲಿಸಲಾಗುತ್ತದೆ; ಹಾಗಾಗಿ ತಿಳಿದವರು ಸಿಗುವುದಿಲ್ಲ ಎಂಬ ನೆಪಕ್ಕೆ ಜಾಗವಿಲ್ಲ. ಅವರು ನಮ್ಮ ಕಾಯಿಲೆಗಳನ್ನು, ತಿನ್ನುವ ಮಾತ್ರೆಗಳನ್ನು ಕೇಳಿದರೇ? ರಕ್ತದೊತ್ತಡ ನೋಡಿದರೇ? ಬ್ಲೇಡ್ ಮತ್ತು ಬಟ್ಟಲಿನ ಪೊಟ್ಟಣವನ್ನು ನಮ್ಮ ಎದುರು ಒಡೆದರೇ? ಬಳಸಿದ್ದನ್ನು ಎಲ್ಲಿ ಹಾಕುತ್ತಾರೆ? ತಲೆಸುತ್ತು ಬಂದರೆ, ರಕ್ತ ನಿಲ್ಲದಿದ್ದರೆ ಏನು ಮಾಡುತ್ತಾರೆ? ಈ ಪ್ರಶ್ನೆಗಳಿಗೆ ಸಿಟ್ಟಾಗುವವರ ಮುಂದೆ ಬೆನ್ನು ಕೊಡಬೇಡಿ. ಶಿಬಿರ ಏರ್ಪಡಿಸುವ ಜಮಾಅತ್‌ಗಳೂ ಸಂಘಟನೆಗಳೂ ಇದೇ ಪ್ರಶ್ನೆಗಳನ್ನು ಮೊದಲು ಕೇಳಲಿ. ಜನ ಬರುವುದು ಶಿಬಿರ ನಡೆಸುವವರ ಮೇಲಿನ ನಂಬಿಕೆಯಿಂದ. ಆ ನಂಬಿಕೆ ಒಂದು ಅಮಾನತ್.

ಎರಡು ಸಾವಿರ ವರ್ಷಗಳ ಹಿಂದೆ ರೇಷ್ಮೆಯ ಮೇಲೆ ಬರೆದವರಿಂದ ಹಿಡಿದು ಇಟ್ಟಿಗೆಯ ಮೇಲೆ ಕಾಗದ ಅಂಟಿಸಿದವರವರೆಗೆ, ಈ ಚಿಕಿತ್ಸೆಯನ್ನು ಕಾಪಾಡಿಕೊಂಡು ಬಂದವರೆಲ್ಲರೂ ಅದರ ಅಪಾಯವನ್ನು ಅರಿತಿದ್ದವರು. ಹಾನಿ ಮಾಡಬಾರದು, ಹಾನಿಗೆ ಒಳಗಾಗಲೂಬಾರದು ಎಂಬುದು ನಮ್ಮ ಶರೀಅತ್‌ನ ದೊಡ್ಡ ತತ್ವಗಳಲ್ಲಿ ಒಂದು. ಸುನ್ನತ್ ಪಾಲಿಸುವವರು ಈ ತತ್ವವನ್ನೂ ಅದರ ಜೊತೆಗೇ ಪಾಲಿಸಬೇಕು. ದೇಹ ಅಲ್ಲಾಹನು ಕೊಟ್ಟ ಅಮಾನತ್. ಅದನ್ನು ತಿಳಿದವರ ಕೈಗೆ ಮಾತ್ರ ಒಪ್ಪಿಸುವ ವಿವೇಕವನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.